ಸಂಗ್ರಹಿಸಿದ ಬೇಳೆಕಾಳಿನ ಬೂಷ್ಟು: ಎಂಟನೆಯ ತರಗತಿಯ ಒಂದು ಪಾಠ, ಒಂದು ಪ್ರಶ್ನೆ

ಕಳೆದ ಸಾಲಿನ ಬೋಧನಾಭ್ಯಾಸಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಭಾಗದ ಶಾಲೆಗಳಿಗೆ ಹಂಚಿಹೋಗಿದ್ದರು. ವಾಡಿ ಸಮೀಪದ ಒಂದು ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಗೆ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’ ಘಟಕದ ಪಾಠ ನಡೆದಿತ್ತು. ನಾನು ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಕುಳಿತಿದ್ದೆ. ಪ್ರಶಿಕ್ಷಣಾರ್ಥಿ ಒಳ್ಳೆಯ ಚಾರ್ಟ್ ಬರೆದು ತಂದಿದ್ದರು. ಎಡಗಡೆ ‘ರಾಸಾಯನಿಕ ಶಿಲೀಂಧ್ರನಾಶಕಗಳು: ವಿಷಕಾರಿ’, ಬಲಗಡೆ ‘ಸಸ್ಯಸಾರಗಳು: ನೈಸರ್ಗಿಕ, ನಿರಪಾಯಕಾರಿ’. ಕೆಳಗೆ ಬೇವಿನ ಎಲೆಯ ಚಿತ್ರ. ಮಕ್ಕಳು ಅಚ್ಚುಕಟ್ಟಾಗಿ ಬರೆದುಕೊಂಡರು.

ಪಾಠ ಮುಗಿಯುವ ಹೊತ್ತಿಗೆ ಮೂರನೆಯ ಸಾಲಿನ ಹುಡುಗನೊಬ್ಬ ಎದ್ದು ನಿಂತ. “ಸರ, ಬಿತ್ತಲಾಕ ತಂದ ತೊಗರಿ ಒಂದೀಟು ಉಳದದ್ರಿ. ಗುಲಾಬಿ ಬಣ್ಣದ ಪುಡಿ ಹಚ್ಯಾರ. ಅವ್ವ ಚಂದಗೆ ತೊಳದು ಬ್ಯಾಳಿ ಮಾಡ್ತೀನಿ ಅಂತಾಳ್ರಿ. ತಿಂದ್ರ ನಡೀತದೇನ್ರಿ?”

ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಿದರು. ಗಂಟೆ ಹೊಡೆಯಿತು. “ನಾಳೆ ಹೇಳ್ತೀನಿ” ಎಂದು ಅವರು ಡಸ್ಟರ್ ಎತ್ತಿಕೊಂಡರು.

ನಾಳೆಯವರೆಗೆ ಕಾಯುವ ಪ್ರಶ್ನೆ ಅದಾಗಿರಲಿಲ್ಲ. ಆ ರಾತ್ರಿಯೇ ಬೇಳೆ ಒಲೆಯ ಮೇಲೆ ಏರಬಹುದಿತ್ತು. ನಾನು ಹೊರಗೆ ಹೋಗಿ ಹುಡುಗನನ್ನು ಹುಡುಕಿ ‘ತಿನ್ನಬಾರದು, ಅವ್ವನಿಗೆ ಇವತ್ತೇ ಹೇಳು’ ಎಂದೆ. ಆದರೆ ಏಕೆ ತಿನ್ನಬಾರದು ಎಂಬುದನ್ನು ಆ ಎರಡು ನಿಮಿಷದಲ್ಲಿ ನನಗೂ ಸರಿಯಾಗಿ ಹೇಳಲಾಗಲಿಲ್ಲ. ಹಿಂದಿನ ದಿನ ಆ ಪಾಠ ಯೋಜನೆಗೆ ಸಹಿ ಹಾಕಿದವನು ನಾನೇ. ಉದ್ದೇಶಗಳು, ಕಲಿಕಾ ಚಟುವಟಿಕೆ, ಮೌಲ್ಯಮಾಪನದ ಪ್ರಶ್ನೆ ಎಲ್ಲ ಕಾಲಂ ತುಂಬಿದ್ದವು. ವಿಷಯ ಸರಿಯಿದೆಯೇ ಎಂದು ಮಾತ್ರ ನಾನು ನಿಧಾನವಾಗಿ ನೋಡಿರಲಿಲ್ಲ. ಈ ಲೇಖನ ಆ ಬಾಕಿಯನ್ನು ತೀರಿಸಲು ಬರೆದದ್ದು.

ಬೀಜದೊಳಗೆ ಬೂಷ್ಟು ಹೇಗೆ ಬರುತ್ತದೆ

ನಮ್ಮದು ತೊಗರಿಯ ನಾಡು. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಜೂನ್-ಜುಲೈಯಲ್ಲಿ ಬಿತ್ತಿ ಡಿಸೆಂಬರ್-ಜನವರಿಯಲ್ಲಿ ರಾಶಿ ಮಾಡಿದ ತೊಗರಿ ಬೀಜಕ್ಕಾಗಿ ಐದಾರು ತಿಂಗಳು, ಊಟಕ್ಕಾಗಿ ವರ್ಷವಿಡೀ ಮನೆಯಲ್ಲಿರುತ್ತದೆ. ಹೆಸರು, ಉದ್ದುಗಳ ಕಥೆ ಬೇರೆ. ಅವು ಆಗಸ್ಟ್-ಸೆಪ್ಟೆಂಬರ್‌ನಲ್ಲಿ, ಮಳೆ ಇನ್ನೂ ಬಿಡದಿರುವಾಗಲೇ ಕಟಾವಿಗೆ ಬರುತ್ತವೆ. ಕಡಲೆ ಹಿಂಗಾರಿ ಬೆಳೆ, ಬಿಸಿಲೇರುವ ಹೊತ್ತಿಗೆ ಒಣಗಿ ನಿಲ್ಲುತ್ತದೆ. ಯಾವ ಕಾಳು ಮನೆಗೆ ಬರುವಾಗಲೇ ಹೆಚ್ಚು ಶಿಲೀಂಧ್ರ ಹೊತ್ತು ಬರಬಹುದು ಎಂದು ಮಕ್ಕಳನ್ನೇ ಕೇಳಿ. ಊರಿನ ಬೆಳೆಯ ಪಂಚಾಂಗ ಗೊತ್ತಿರುವ ಮಗು ಪುಸ್ತಕ ತೆರೆಯದೆ ಉತ್ತರ ಹೇಳುತ್ತದೆ.

ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ಕ್ಲೈಡ್ ಕ್ರಿಸ್ಟೆನ್‌ಸನ್ ಕಾಳಿನ ಶಿಲೀಂಧ್ರಗಳನ್ನು ಎರಡು ಗುಂಪು ಮಾಡಿದರು. ಈ ವಿಂಗಡಣೆ ತರಗತಿಗೆ ಬಹಳ ಅನುಕೂಲ. ಒಂದು ಗುಂಪು ಹೊಲದ ಶಿಲೀಂಧ್ರಗಳು: ಆಲ್ಟರ್ನೇರಿಯಾ, ಕರ್ವುಲೇರಿಯಾ, ಫ್ಯುಸೇರಿಯಂ ಮುಂತಾದವು. ಕಾಯಿ ಗಿಡದಲ್ಲಿರುವಾಗಲೇ ಇವು ಬೀಜಕ್ಕೆ ಸೇರುತ್ತವೆ, ಬದುಕಲು ಹೆಚ್ಚು ತೇವ ಬೇಕು. ಕಾಳು ಚೆನ್ನಾಗಿ ಒಣಗಿದ ಮೇಲೆ ಇವು ಬೆಳೆಯುವುದಿಲ್ಲ, ನಿಧಾನಕ್ಕೆ ಕಡಿಮೆಯಾಗುತ್ತವೆ. ಇನ್ನೊಂದು ಗುಂಪು ದಾಸ್ತಾನಿನ ಶಿಲೀಂಧ್ರಗಳು: ಮುಖ್ಯವಾಗಿ ಆಸ್ಪರ್ಜಿಲಸ್ ಮತ್ತು ಪೆನಿಸಿಲಿಯಂ. ಇವುಗಳ ಕಣಗಳು ಧೂಳಿನಲ್ಲಿ, ಹಳೆಯ ಗೋಣಿಚೀಲದಲ್ಲಿ, ಗೋಡೆಯ ಸಂದಿಯಲ್ಲಿ ಎಲ್ಲೆಲ್ಲೂ ಇರುತ್ತವೆ. ಕಾಳಿಗೆ ಸ್ವಲ್ಪ ತೇವ ಸಿಕ್ಕರೂ ಸಾಕು, ಎದ್ದು ಕೂರುತ್ತವೆ.

ಸುತ್ತಲಿನ ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 65 ಪ್ರತಿಶತಕ್ಕಿಂತ ಕೆಳಗಿದ್ದರೆ ಈ ಎರಡನೆಯ ಗುಂಪೂ ಬೆಳೆಯಲಾರದು. ತೊಗರಿ ಬೀಜಕ್ಕೆ ನಮ್ಮ ದೇಶದ ಬೀಜ ಪ್ರಮಾಣೀಕರಣ ಮಾನದಂಡ ಹೇಳುವುದು ಇಷ್ಟು: ಸಾಮಾನ್ಯ ಚೀಲದಲ್ಲಿ ಇಟ್ಟರೆ ತೇವಾಂಶ 9 ಪ್ರತಿಶತ ಮೀರಬಾರದು, ಗಾಳಿಯಾಡದ ಡಬ್ಬಿಯಲ್ಲಾದರೆ 8. ಮೊಳಕೆ ಪ್ರಮಾಣ ಕನಿಷ್ಠ 75. ಬೀಜದ ತೇವಾಂಶ 1 ಪ್ರತಿಶತ ಇಳಿದರೆ ಅದರ ಆಯುಸ್ಸು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬ ಹ್ಯಾರಿಂಗ್‌ಟನ್ನರ ಸ್ಥೂಲ ನಿಯಮವನ್ನೂ ಪ್ರಶಿಕ್ಷಣಾರ್ಥಿಗಳು ನೆನಪಿಡಬೇಕು. ಎಲ್ಲ ಮದ್ದುಗಳಿಗಿಂತ ಮೊದಲ ಮದ್ದು ಬಿಸಿಲು. ಚೆನ್ನಾಗಿ ಒಣಗಿದ ತೊಗರಿಯನ್ನು ಹಲ್ಲಿನಲ್ಲಿ ಕಡಿದರೆ ‘ಕಟ್’ ಎಂದು ಒಡೆಯುತ್ತದೆ. ನಮ್ಮ ಹಿರಿಯರಿಗೆ ತೇವಾಂಶ ಮಾಪಕ ಅದೇ ಆಗಿತ್ತು.

ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿ ಒಣಗಿರುತ್ತದೆ. ಹಾಗಾದರೆ ಬೂಷ್ಟು ಎಲ್ಲಿಂದ? ನನಗೆ ಮೂರು ದಾರಿ ಕಾಣುತ್ತವೆ. ರಾಶಿಯ ಹೊತ್ತಿನಲ್ಲಿ ಬೀಳುವ ಅಕಾಲಿಕ ಮಳೆ ಒಂದು. ಮಳೆಗಾಲದಲ್ಲಿ ಚೀಲದ ಕಾಳು ಗಾಳಿಯ ತೇವ ಹೀರುವುದು ಇನ್ನೊಂದು. ಮೂರನೆಯದು ನೆಲ. ಶಹಾಬಾದ, ವಾಡಿ, ಚಿತ್ತಾಪುರದ ಹಳ್ಳಿಗಳಲ್ಲಿ ನೆಲಕ್ಕೂ ಪರಸಿ, ಎಷ್ಟೋ ಮನೆಗಳಲ್ಲಿ ಮಾಳಿಗೆಗೂ ಪರಸಿ. ಮಳೆಗಾಲದಲ್ಲಿ ಆ ಕಲ್ಲು ತಂಪಾಗಿರುತ್ತದೆ, ಅದರ ಮೇಲೆ ನೇರವಾಗಿ ಇಟ್ಟ ಚೀಲದ ಅಡಿಭಾಗ ಹಸಿ ಹಿಡಿಯುತ್ತದೆ. ಚೀಲ ಬಿಚ್ಚಿದಾಗ ಮೇಲಿನ ಕಾಳು ಚೆನ್ನಾಗಿದ್ದು ತಳದ್ದು ಗಟ್ಟಿಕಟ್ಟಿದ್ದರೆ ಕಾರಣ ಇದೇ. ಹಲಗೆ ಅಥವಾ ಬಿದಿರಿನ ಅಟ್ಟಣೆಯ ಮೇಲೆ, ಗೋಡೆಯಿಂದ ಒಂದು ಮೊಳ ಬಿಟ್ಟು ಚೀಲ ಇಡಿ ಎನ್ನುವುದು ಇದಕ್ಕಾಗಿ.

ಇಲ್ಲಿ ಪಾಠದ ಒಂದು ಗೊಂದಲವನ್ನು ಬಿಡಿಸಬೇಕು. ಕಾಳಿಗೆ ತೂತು ಕೊರೆಯುವುದು ಹುಳು, ಅಂದರೆ ದುಂಬಿ. ಬೂಷ್ಟು ಹಿಡಿಸುವುದು ಶಿಲೀಂಧ್ರ. ಪಠ್ಯದಲ್ಲಿ ಬರುವ ಒಣ ಬೇವಿನ ಎಲೆಯ ಉಪಾಯ ಮುಖ್ಯವಾಗಿ ಮೊದಲಿನದಕ್ಕೆ. ಬೂದಿ, ಹರಳೆಣ್ಣೆ, ಕೆಮ್ಮಣ್ಣಿನ ರಾಡಿಯಲ್ಲಿ ತೊಗರಿ ಕಲಸಿ ಒಣಗಿಸುವ ಪದ್ಧತಿ ಇವೂ ಬಹುಮಟ್ಟಿಗೆ ಹುಳುವಿನ ಮೇಲಿನ ಅಸ್ತ್ರಗಳೇ. ಆದರೆ ಎರಡಕ್ಕೂ ನಂಟಿದೆ. ಹುಳುಗಳು ಉಸಿರಾಡಿ ಬಿಡುವ ನೀರಾವಿ ಮತ್ತು ಶಾಖದಿಂದ ಚೀಲದ ನಡುಭಾಗ ಬಿಸಿಯಾಗಿ ತೇವವಾಗುತ್ತದೆ, ತೂತಾದ ಸಿಪ್ಪೆಯಿಂದ ಶಿಲೀಂಧ್ರ ಸುಲಭವಾಗಿ ಒಳಹೊಗುತ್ತದೆ. ಹುಳುವನ್ನು ತಡೆದರೆ ಬೂಷ್ಟು ಅರ್ಧ ತಡೆದಂತೆ. ಇದನ್ನು ಹೇಳದೆ ‘ಬೇವು ಶಿಲೀಂಧ್ರವನ್ನು ಕೊಲ್ಲುತ್ತದೆ’ ಎಂದರೆ ಮಗು ತಪ್ಪನ್ನೇ ಕಲಿಯುತ್ತದೆ.

ಕಾಣದ್ದನ್ನು ಕಾಣಿಸುವುದು

ಬೀಜ ಹೊರಗಿನಿಂದ ಹೊಳೆಯುತ್ತಿದ್ದರೂ ಶಿಲೀಂಧ್ರ ಸಿಪ್ಪೆಯ ಕೆಳಗೆ ಮಲಗಿರಬಹುದು. ಅದನ್ನು ಎಬ್ಬಿಸಿ ನೋಡುವ ಸರಳ ವಿಧಾನ ಒದ್ದೆ ಕಾಗದದ ಪರೀಕ್ಷೆ. ಪ್ರಯೋಗಾಲಯದಲ್ಲಿ 400 ಬೀಜ ತೆಗೆದುಕೊಳ್ಳುತ್ತಾರೆ. ಗಾಜಿನ ಪೆಟ್ರಿ ತಟ್ಟೆಯಲ್ಲಿ ಮೂರು ಪದರ ಒದ್ದೆ ಒತ್ತುಕಾಗದದ ಮೇಲೆ ಬೀಜಗಳನ್ನು ಅಂತರ ಬಿಟ್ಟು ಜೋಡಿಸಿ, ಸುಮಾರು 20ರಿಂದ 22 ಡಿಗ್ರಿಯಲ್ಲಿ, 12 ಗಂಟೆ ಬೆಳಕು 12 ಗಂಟೆ ಕತ್ತಲೆಯಂತೆ 7 ದಿನ ಇಡುತ್ತಾರೆ. ಎಂಟನೆಯ ದಿನ ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಬೀಜ ನೋಡುತ್ತಾರೆ.

ಶಾಲೆಯಲ್ಲಿ ಮುಚ್ಚಳವಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಸಾಕು. ಕುದಿಸಿ ಆರಿಸಿದ ನೀರಿನಲ್ಲಿ ಕಾಗದ ನೆನೆಸಿ, ಹೆಚ್ಚಿನ ನೀರು ಬಸಿದು, ಪ್ರತಿ ಡಬ್ಬಿಗೆ 10 ತೊಗರಿ ಕಾಳು. ಮುಚ್ಚಳ ಹಾಕಿ ಸುತ್ತಲೂ ಅಂಟುಪಟ್ಟಿ ಹಚ್ಚಬೇಕು. ಆ ಮೇಲೆ ಅದನ್ನು ಯಾರೂ ತೆರೆಯಕೂಡದು, ಮೂಸಕೂಡದು. ನೋಡುವುದೆಲ್ಲ ಹೊರಗಿನಿಂದ, ಕೈಮಸೂರದಿಂದ. ಆಸ್ಪರ್ಜಿಲಸ್ ಕಣಗಳು ಶ್ವಾಸಕೋಶಕ್ಕೆ ಒಳ್ಳೆಯವಲ್ಲ, ಉಬ್ಬಸ ಇರುವ ಮಕ್ಕಳು ತರಗತಿಯಲ್ಲಿ ಇದ್ದೇ ಇರುತ್ತಾರೆ. ಕೆಲಸ ಮುಗಿದ ಮೇಲೆ ಡಬ್ಬಿಯನ್ನು ತೆರೆಯದೆಯೇ ಶಿಕ್ಷಕರು ಹೂತುಬಿಡಬೇಕು. ಡಬ್ಬಿ ಉಳಿಸುವ ಆಸೆ ಬೇಡ.

ನಾಲ್ಕನೆಯ ದಿನದಿಂದ ಬಣ್ಣಗಳು ಮೂಡುತ್ತವೆ. ಕರಿ ಮಸಿಯ ಗುಂಡುಗಳಂತೆ ಕಂಡರೆ ಆಸ್ಪರ್ಜಿಲಸ್ ನೈಗರ್ ಇರಬಹುದು. ಹಳದಿ ಬೆರೆತ ಹಸಿರು ಪುಡಿ ಆಸ್ಪರ್ಜಿಲಸ್ ಫ್ಲೇವಸ್‌ನ ಲಕ್ಷಣ. ಬಿಳಿ ಅಥವಾ ನಸುಗೆಂಪು ಹತ್ತಿಯಂಥದ್ದು ಫ್ಯುಸೇರಿಯಂ, ಬೂದು ಬಣ್ಣದ ಉದ್ದ ಕೂದಲಿನ ತುದಿಯಲ್ಲಿ ಕಪ್ಪು ಚುಕ್ಕೆಗಳಿದ್ದರೆ ರೈಜೋಪಸ್. ‘ಇರಬಹುದು’ ಎಂಬ ಮಾತನ್ನು ಬಿಡಬೇಡಿ. ಬಣ್ಣ ನೋಡಿ ಹೆಸರು ಖಚಿತ ಮಾಡಲಾಗದು, ಸೂಕ್ಷ್ಮದರ್ಶಕದಲ್ಲಿ ಕಣದ ಆಕಾರ ನೋಡಬೇಕು. ತಮಗೆ ತಿಳಿಯದಿದ್ದಾಗ ‘ಹಸಿರು ಬೂಷ್ಟು’ ಎಂದೇ ಬರೆಸಿದ ಒಬ್ಬ ಪ್ರಶಿಕ್ಷಣಾರ್ಥಿಗೆ ನಾನು ಹೆಚ್ಚು ಅಂಕ ಕೊಟ್ಟಿದ್ದೇನೆ.

ಮದ್ದಿನ ಪುಡಿ ಮಾಡುವ ಕೆಲಸ

ಬೀಜೋಪಚಾರಕ್ಕೆ ನಮ್ಮಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರುಗಳು ಥೈರಮ್, ಕ್ಯಾಪ್ಟಾನ್, ಕಾರ್ಬೆಂಡೆಜಿಮ್. ಮೊದಲ ಎರಡು ಸ್ಪರ್ಶ ಶಿಲೀಂಧ್ರನಾಶಕಗಳು. ಬೀಜದ ಮೇಲೆ ಲೇಪವಾಗಿ ಕುಳಿತು ತಗುಲಿದ ಶಿಲೀಂಧ್ರವನ್ನು ಕೊಲ್ಲುತ್ತವೆ, ಒಂದೇ ಕಡೆಯಲ್ಲಲ್ಲ, ಅದರ ಅನೇಕ ಕಿಣ್ವಗಳನ್ನು ಒಟ್ಟಿಗೆ ಕೆಡಿಸುತ್ತವೆ. ಕಾರ್ಬೆಂಡೆಜಿಮ್ ಅಂತರ್ವ್ಯಾಪಿ. ಬೀಜ ನೀರು ಹೀರಿ ಮೊಳೆಯುವಾಗ ಒಳಗೆ ಹೋಗಿ ಸಸಿಯಲ್ಲೆಲ್ಲ ಹರಡುತ್ತದೆ, ಶಿಲೀಂಧ್ರದ ಜೀವಕೋಶ ವಿಭಜನೆಯನ್ನೇ ನಿಲ್ಲಿಸುತ್ತದೆ. ಒಂದೇ ಜಾಗದಲ್ಲಿ ಹೊಡೆಯುವ ಮದ್ದಾದ್ದರಿಂದ ಅದಕ್ಕೆ ಶಿಲೀಂಧ್ರಗಳು ಬೇಗ ನಿರೋಧ ಬೆಳೆಸಿಕೊಳ್ಳುತ್ತವೆ. ಎರಡನ್ನೂ ಬೆರೆಸಿ ಕೊಡುವ ರೂಢಿ ಅದಕ್ಕೇ ಬಂದದ್ದು.

ತೊಗರಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಪ್ರತಿ ಕಿಲೋ ಬೀಜಕ್ಕೆ ಥೈರಮ್ 3 ಗ್ರಾಂ, ಇಲ್ಲವೇ ಥೈರಮ್ 2 ಗ್ರಾಂ ಮತ್ತು ಕಾರ್ಬೆಂಡೆಜಿಮ್ 1 ಗ್ರಾಂ. ಎಕರೆಗೆ 5 ಕಿಲೋ ಬೀಜ ಎಂದರೆ ಮದ್ದು 15 ಗ್ರಾಂ. ಈ ಲೆಕ್ಕವನ್ನು ಗಣಿತದ ತರಗತಿಗೂ ಒಯ್ಯಬಹುದು. ಒಂದು ಮುಷ್ಟಿ ಪುಡಿ ಸುರಿದು ಕಲಸುವ ಮನೆಗಳಲ್ಲಿ ಆ ಲೆಕ್ಕಕ್ಕೆ ಅರ್ಥವಿದೆ. ಜೈವಿಕ ಮದ್ದಾದ ಟ್ರೈಕೋಡರ್ಮಾವನ್ನು ಕಿಲೋಗೆ 4 ಗ್ರಾಂನಂತೆ ಹಚ್ಚುತ್ತಾರೆ. ಅದೂ ಒಂದು ಶಿಲೀಂಧ್ರವೇ ಆದ್ದರಿಂದ ಕಾರ್ಬೆಂಡೆಜಿಮ್ ಜೊತೆಗೆ ಹಚ್ಚಿದರೆ ಅದೇ ಸಾಯುತ್ತದೆ. ರೈಜೋಬಿಯಂ ಕೊಡುವುದಿದ್ದರೆ ಕ್ರಮ ಹೀಗೆ: ಮೊದಲು ಶಿಲೀಂಧ್ರನಾಶಕ, ನಂತರ ಕೀಟನಾಶಕ, ಕೊನೆಗೆ ಬಿತ್ತುವ ಮುನ್ನ ರೈಜೋಬಿಯಂ.

ಬೀಜೋಪಚಾರದಿಂದ ಏನಾಗದು ಎಂಬುದನ್ನೂ ಹೇಳಬೇಕು. ನಮ್ಮ ಜಿಲ್ಲೆಯವರಿಗೆ ‘ನೆಟೆ ರೋಗ’ ಎಂಬ ಮಾತು ಕೇಳಿದರೆ 2022-23ರ ಹಂಗಾಮು ನೆನಪಾಗುತ್ತದೆ. ಕಾಯಿ ಕಟ್ಟುವ ಹೊತ್ತಿಗೆ ನಿಂತ ನಿಲುವಿನಲ್ಲೇ ತೊಗರಿ ಒಣಗಿತು, ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ತೊಗರಿಯ ಸೊರಗು ರೋಗಕ್ಕೆ ಕಾರಣವಾದ ಫ್ಯುಸೇರಿಯಂ ಉಡಮ್ ಅನ್ನು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಬಟ್ಲರ್ ನಮ್ಮ ದೇಶದಲ್ಲಿ ಗುರುತಿಸಿ ವಿವರಿಸಿದ್ದರು. ಅದು ಬೀಜದಲ್ಲಿ ಬರಬಲ್ಲದು, ಆದರೆ ಅದರ ಮುಖ್ಯ ವಾಸ ಮಣ್ಣು. ಹಳೆಯ ಕೂಳೆಗಳಲ್ಲಿ ಸುಮಾರು ಮೂರು ವರ್ಷ ಬದುಕಿರುತ್ತದೆ. ಬೀಜಕ್ಕೆ ಹಚ್ಚಿದ ಪುಡಿ ಸಸಿಯನ್ನು ಮೊದಲ ಕೆಲವು ವಾರ ಕಾಯುತ್ತದೆ, ಆರನೆಯ ತಿಂಗಳವರೆಗೆ ಅಲ್ಲ. ಅದಕ್ಕೆ ಬೆಳೆ ಬದಲಿಸಬೇಕು, ಮಾರುತಿಯಂಥ ಸೊರಗು ನಿರೋಧಕ ತಳಿ ಬೇಕು. ‘ಮದ್ದು ಹಚ್ಚಿದೆವು, ಆದರೂ ಹೋಯ್ತು’ ಎನ್ನುವ ರೈತರ ಮಕ್ಕಳು ನಮ್ಮ ಎದುರಿಗೆ ಕುಳಿತಿರುತ್ತಾರೆ. ಅವರಿಗೆ ಈ ಮಾತು ಹೇಳದಿದ್ದರೆ ಪಾಠವನ್ನು ಅವರು ನಂಬುವುದಿಲ್ಲ.

ಸಸ್ಯಸಾರ: ತಟ್ಟೆಯಲ್ಲಿ ಗೆದ್ದದ್ದು ಚೀಲದಲ್ಲಿ ಗೆಲ್ಲುವುದೇ?

ಪ್ರಯೋಗಾಲಯದಲ್ಲಿ ಸಸ್ಯಸಾರ ಮಾಡುವ ಬಗೆ ಸರಳ. 100 ಗ್ರಾಂ ತೊಳೆದ ಎಲೆಯನ್ನು 100 ಮಿಲಿ ಲೀಟರ್ ನೀರಿನಲ್ಲಿ ಅರೆದು ಬಟ್ಟೆಯಲ್ಲಿ ಸೋಸಿದರೆ ಮೂಲ ಸಾರ. ಅದನ್ನು 5, 10, 20 ಪ್ರತಿಶತಕ್ಕೆ ತೆಳು ಮಾಡಿ ಶಿಲೀಂಧ್ರ ಬೆಳೆಯುವ ಅಗರ್‌ಗೆ ಬೆರೆಸುತ್ತಾರೆ. ನಡುವೆ ಶಿಲೀಂಧ್ರದ ಸಣ್ಣ ಬಿಲ್ಲೆ ಇಟ್ಟು, ಸಾರವಿಲ್ಲದ ತಟ್ಟೆಯಲ್ಲಿ ಎಷ್ಟು ಹರಡಿತು, ಸಾರವಿರುವುದರಲ್ಲಿ ಎಷ್ಟು ಎಂದು ಅಳೆಯುತ್ತಾರೆ. ಸಾರವಿಲ್ಲದ್ದು 60 ಮಿ.ಮೀ., ಸಾರವಿದ್ದದ್ದು 24 ಮಿ.ಮೀ. ಎಂದು ಇಟ್ಟುಕೊಳ್ಳೋಣ. ವ್ಯತ್ಯಾಸ 36. ಅದನ್ನು 60ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ತಡೆ 60 ಪ್ರತಿಶತ.

ಬೆಳ್ಳುಳ್ಳಿ ಇಂಥ ಪರೀಕ್ಷೆಗಳಲ್ಲಿ ಬಲಶಾಲಿ. ಅದರ ಕಾರಣ ತರಗತಿಗೆ ಹೇಳಿಮಾಡಿಸಿದಂತಿದೆ. ಇಡಿಯ ಎಸಳಿನಲ್ಲಿ ಆ ಮದ್ದು ಇಲ್ಲವೇ ಇಲ್ಲ. ಜಜ್ಜಿದಾಗ ಬೇರೆಬೇರೆ ಕಡೆ ಇದ್ದ ಆಲಿಯಿನ್ ಎಂಬ ವಸ್ತುವೂ ಆಲಿಯಿನೇಸ್ ಎಂಬ ಕಿಣ್ವವೂ ಕೂಡಿ ಆಲಿಸಿನ್ ಹುಟ್ಟುತ್ತದೆ. ಘಾಟು ಬರುವುದು ಆಗಲೇ. ಮೊದಲು ಕುದಿಸಿ ಆಮೇಲೆ ಜಜ್ಜಿದರೆ ಕಿಣ್ವ ಕೆಟ್ಟುಹೋಗಿ ಆಲಿಸಿನ್ ಬಾರದು. ಹಸಿ ಜಜ್ಜಿದ್ದು, ಕುದಿಸಿ ಜಜ್ಜಿದ್ದು, ಬರೀ ನೀರು ಎಂದು ಮೂರು ಡಬ್ಬಿ ಇಟ್ಟರೆ ಇಡೀ ಘಟಕದಲ್ಲಿ ಇದಕ್ಕಿಂತ ಒಳ್ಳೆಯ ಪ್ರಯೋಗ ಇರಲಾರದು.

ಬೇವಿನ ಅಜಾಡಿರಾಕ್ಟಿನ್ ಪ್ರಧಾನವಾಗಿ ಕೀಟಗಳ ಮೇಲೆ ಕೆಲಸ ಮಾಡುವ ವಸ್ತು. ಶಿಲೀಂಧ್ರಗಳ ಮೇಲೆ ಬೇವಿನ ಪರಿಣಾಮ ಇದೆ, ಆದರೆ ಎಲೆಯೋ ಬೀಜವೋ, ಯಾವ ಶಿಲೀಂಧ್ರ, ಎಷ್ಟು ಗಾಢತೆ ಎಂಬುದರ ಮೇಲೆ ಬಹಳ ಏರುಪೇರಾಗುತ್ತದೆ. ತುಳಸಿ, ಲಕ್ಕಿ, ಹೊಂಗೆ, ನೀಲಗಿರಿ, ಅರಿಶಿಣ ಎಲ್ಲದರದ್ದೂ ಇದೇ ಮಾತು.

ಈಗ ಮುಖ್ಯ ತೊಡಕು. ಸಾರ ಎಂದರೆ ಹತ್ತಿರಹತ್ತಿರ ಎಲ್ಲವೂ ನೀರು. ಒಣಗಿಸಿ 9 ಪ್ರತಿಶತಕ್ಕೆ ಇಳಿಸಿದ ಕಾಳಿಗೆ ಅದನ್ನು ಸಿಂಪಡಿಸಿ ಚೀಲಕ್ಕೆ ತುಂಬಿದರೆ ಆಸ್ಪರ್ಜಿಲಸ್‌ಗೆ ಬೇಕಾದ ತೇವವನ್ನು ನಾವೇ ಕೊಟ್ಟಂತೆ. ಸಾರದ ಬಲ ಕೆಲವೇ ದಿನಗಳಲ್ಲಿ ಕುಂದುತ್ತದೆ, ನೀರು ಉಳಿಯುತ್ತದೆ. ಹಾಗಾಗಿ ನೀರಿನ ಸಾರ ಬಿತ್ತನೆಗೆ ಮುಂಚೆ ಬೀಜ ನೆನೆಸಿ ನೆರಳಲ್ಲಿ ಒಣಗಿಸಿ ಅಂದೇ ಬಿತ್ತುವುದಕ್ಕೆ ತಕ್ಕದ್ದು, ತಿಂಗಳುಗಟ್ಟಲೆ ಇಡುವ ಕಾಳಿಗಲ್ಲ. ಇಡುವ ಕಾಳಿಗೆ ಚೆನ್ನಾಗಿ ಒಣಗಿದ ಎಲೆ, ಎಲೆಯ ಪುಡಿ, ಎಣ್ಣೆಯ ತೆಳು ಲೇಪ ಇಂಥ ನೀರಿಲ್ಲದ ರೂಪಗಳೇ ಬೇಕು. ನಮ್ಮ ಅಜ್ಜಿಯರು ಬೇವಿನ ಎಲೆಯನ್ನು ಅರೆದು ಹಾಕಲಿಲ್ಲ, ಒಣಗಿಸಿ ಹಾಕಿದರು. ಪ್ರಶಿಕ್ಷಣಾರ್ಥಿಯ ಚಾರ್ಟ್‌ನಲ್ಲಿದ್ದ ಎಲೆ ಮಾತ್ರ ಹಚ್ಚಹಸಿರಾಗಿತ್ತು.

ಚಾರ್ಟ್‌ನ ಇನ್ನೊಂದು ತಪ್ಪು ‘ನೈಸರ್ಗಿಕ, ನಿರಪಾಯಕಾರಿ’ ಎಂಬ ಜೋಡಿ. ಶಿಲೀಂಧ್ರನಿರೋಧಕ ಸಸ್ಯಗಳ ಪಟ್ಟಿಯಲ್ಲಿ ದತ್ತೂರಿಯೂ ಬರುತ್ತದೆ. ಅದರ ಬೀಜ ಎಷ್ಟು ವಿಷ ಎಂದು ಹಳ್ಳಿಯ ಮಗುವಿಗೆ ಗೊತ್ತು. ಪಾರ್ಥೇನಿಯಂ ಮುಟ್ಟಿದರೆ ಹಲವರಿಗೆ ಚರ್ಮ ಉರಿದು ಗಂಧೆ ಏಳುತ್ತದೆ. ಇವೆರಡನ್ನೂ ಶಾಲೆಯ ಪ್ರಯೋಗಕ್ಕೆ ತರಬೇಡಿ. ಅಷ್ಟೇ ಅಲ್ಲ, ಅಫ್ಲಾಟಾಕ್ಸಿನ್ ಕೂಡ ಪೂರ್ತಿ ನೈಸರ್ಗಿಕವೇ. ಅದನ್ನು ತಯಾರಿಸುವುದು ಯಾವ ಕಾರ್ಖಾನೆಯೂ ಅಲ್ಲ, ನಮ್ಮ ಡಬ್ಬಿಯಲ್ಲಿ ಕಂಡ ಆ ಹಳದಿ-ಹಸಿರು ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಸತ್ತ ಮೇಲೆ ಈ ವಿಷ ಪತ್ತೆಯಾಯಿತು. 1974ರಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಭಾಗದಲ್ಲಿ ಮಳೆಗೆ ನೆಂದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತಿನ ತೊಂದರೆಯಿಂದ ತೀರಿಕೊಂಡರು. ಕುದಿಸಿದರೆ ಈ ವಿಷ ಹೋಗುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ ಬೇಳೆಕಾಳಿಗೆ ಇಟ್ಟಿರುವ ಮಿತಿ ಕಿಲೋಗೆ 15 ಮೈಕ್ರೋಗ್ರಾಂ. ಶೇಂಗಾ, ಮೆಕ್ಕೆಜೋಳಗಳಲ್ಲಿ ಇದರ ಕಾಟ ಹೆಚ್ಚು, ತೊಗರಿ ಬೇಳೆಯ ಬಗ್ಗೆ ಮಕ್ಕಳನ್ನು ಹೆದರಿಸಬೇಕಾಗಿಲ್ಲ. ಆದರೆ ವಿಷ ಎಲ್ಲ ಕಾಳಿನಲ್ಲೂ ಸಮನಾಗಿರದೆ ಕೆಲವೇ ಕೆಟ್ಟ ಕಾಳುಗಳಲ್ಲಿ ಗುಂಪಾಗಿರುತ್ತದೆ. ಮರದಲ್ಲಿ ಕೇರಿ, ಮುರುಟಿದ್ದು, ಬಣ್ಣಗೆಟ್ಟದ್ದು ಆರಿಸಿ ಒಗೆಯುವ ಮನೆಗೆಲಸಕ್ಕೆ ಇದರಿಂದ ದೊಡ್ಡ ಬೆಲೆ ಬರುತ್ತದೆ. ಅಕ್ಷರ ದಾಸೋಹ 2002ರಲ್ಲಿ ಮೊದಲು ಆರಂಭವಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಶಾಲೆಯ ಬೇಳೆ ಚೀಲದ ತಳ ನೋಡುವ ಕೆಲಸವನ್ನು ಒಮ್ಮೆ ವಿಜ್ಞಾನ ಶಿಕ್ಷಕರೂ ಮಾಡಲಿ.

ಪಾಠವನ್ನು ಮತ್ತೆ ಕಟ್ಟಿದ್ದು

ಆ ಪ್ರಶಿಕ್ಷಣಾರ್ಥಿ ಮತ್ತು ನಾನು ಕುಳಿತು ಪಾಠ ಯೋಜನೆ ತಿದ್ದಿದೆವು. ಐದು ಶಾಲೆಗಳ ಗುಂಪುಗಳೂ ಒಂದೇ ಪ್ರಯೋಗ ಮಾಡಲಿ ಎಂದು ಗೊತ್ತುಮಾಡಿದೆವು. ಮನೆಯಿಂದ ತಂದ, ಮದ್ದು ಹಚ್ಚದ ತೊಗರಿ, ಪ್ರತಿ ಬಗೆಗೂ ಐದು ಡಬ್ಬಿ, ಒಟ್ಟು 50 ಕಾಳು. ಬರೀ ನೀರು, ಹಸಿ ಬೆಳ್ಳುಳ್ಳಿ ಸಾರ, ಕುದಿಸಿದ ಬೆಳ್ಳುಳ್ಳಿ ಸಾರ, ಬೇವಿನ ಸಾರ. ಶಿಲೀಂಧ್ರನಾಶಕದ ಪುಡಿಯನ್ನು ಶಾಲೆಗೆ ತರುವುದೇ ಬೇಡ ಎಂದು ನಾನು ಹಟ ಹಿಡಿದೆ. ಹೋಲಿಕೆಗೆ ಅದೂ ಇದ್ದರೆ ಪ್ರಯೋಗ ಪೂರ್ಣವಾಗುತ್ತದೆ ಎಂದು ಇಬ್ಬರು ವಾದಿಸಿದರು. ಅವರ ಮಾತು ಶಾಸ್ತ್ರಕ್ಕೆ ಸರಿ. ಆದರೆ 2013ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಬಿಸಿಯೂಟದಿಂದ 23 ಮಕ್ಕಳು ಸತ್ತದ್ದನ್ನು ನೆನೆದರೆ, ಅಡುಗೆ ಕೋಣೆ ಇರುವ ಆವರಣದೊಳಗೆ ಇಂಥ ಪುಡಿಯ ಒಂದು ಪೊಟ್ಟಣವೂ ಬರಬಾರದು. ಅದರ ಬದಲು ಖಾಲಿ ಪೊಟ್ಟಣದ ಲೇಬಲ್‌ನ ಫೋಟೋ ತೋರಿಸಿ ಓದಿಸಿದೆವು. ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ವಿಷದ ತೀವ್ರತೆಯನ್ನು ಇಳಿಕೆಯ ಕ್ರಮದಲ್ಲಿ ಹೇಳುತ್ತವೆ, ಹಸಿರು ಎಂದರೆ ‘ತಿನ್ನಬಹುದು’ ಎಂದಲ್ಲ. 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಿಷೇಧಿಸಲು ಕರಡು ಹೊರಡಿಸಿದ 27 ಕೃಷಿ ವಿಷಗಳ ಪಟ್ಟಿಯಲ್ಲಿ ಥೈರಮ್, ಕ್ಯಾಪ್ಟಾನ್, ಕಾರ್ಬೆಂಡೆಜಿಮ್ ಮೂರೂ ಇದ್ದವು.

ಎಡವಟ್ಟುಗಳೂ ಆದವು. ಒಂದು ಶಾಲೆಯಲ್ಲಿ ನೀರಿನ ಡಬ್ಬಿಗಳನ್ನು ಕಿಟಕಿಯ ಬಿಸಿಲಿಗೂ ಸಾರದ ಡಬ್ಬಿಗಳನ್ನು ಕಪಾಟಿನ ಒಳಗೂ ಇಟ್ಟುಬಿಟ್ಟಿದ್ದರು. ಏಳು ದಿನದ ಶ್ರಮ ಹೋಯಿತು, ಆದರೆ ‘ಒಂದೇ ಅಂಶ ಬದಲಿಸಬೇಕು’ ಎಂಬ ಮಾತು ಅಲ್ಲಿ ಯಾರೂ ಮರೆಯುವಂತಿರಲಿಲ್ಲ. ಚಿಂಚೋಳಿ ಕಡೆಯ ಗುಂಪಿನಲ್ಲಿ ಬೆಳ್ಳುಳ್ಳಿ ಸಾರ ಬಹಳ ಗಾಢವಾಗಿ, ಬೂಷ್ಟು ಬರಲಿಲ್ಲ, ಕಾಳೂ ಮೊಳೆಯಲಿಲ್ಲ. ಕೋಷ್ಟಕದಲ್ಲಿ ‘ಬೂಷ್ಟು ಹಿಡಿದ ಕಾಳು’ ಪಕ್ಕದಲ್ಲೇ ‘ಮೊಳೆತ ಕಾಳು’ ಎಂಬ ಕಾಲಂ ಕಡ್ಡಾಯ ಮಾಡಿದ್ದು ಆಮೇಲೆ. ಶಿಲೀಂಧ್ರವನ್ನೂ ಬೀಜವನ್ನೂ ಒಟ್ಟಿಗೆ ಕೊಲ್ಲುವ ಸಾರದಿಂದ ರೈತನಿಗೇನು ಉಪಯೋಗ?

ಮೂರನೆಯ ಸಾಲಿನ ಹುಡುಗನ ಪ್ರಶ್ನೆಗೆ ಮರುದಿನದ ತರಗತಿಯಲ್ಲೇ ಉತ್ತರ ಹೇಳಿದ್ದು ಹೀಗೆ. ಬೀಜಕ್ಕೆ ಬಣ್ಣ ಕಲಸುವುದು ಚಂದಕ್ಕಲ್ಲ, ‘ಇದು ಊಟದ ಕಾಳಲ್ಲ’ ಎಂದು ಓದು ಬಾರದವರಿಗೂ ತಿಳಿಯಲಿ ಎಂದು. ಉಪಚರಿಸಿದ ಬೀಜದ ಚೀಟಿಯಲ್ಲಿ ಆಹಾರಕ್ಕೆ, ಮೇವಿಗೆ, ಎಣ್ಣೆಗೆ ಬಳಸಬಾರದು ಎಂದು ಇರಲೇಬೇಕು. ತೊಳೆದಾಗ ಹೋಗುವುದು ಕಣ್ಣಿಗೆ ಕಾಣುವ ಬಣ್ಣ. ಮದ್ದು ಸಿಪ್ಪೆಗೆ ಅಂಟಿರುತ್ತದೆ, ಅಂತರ್ವ್ಯಾಪಿಯಾದರೆ ನೆನೆಸಿದಾಗ ನೀರಿನ ಜೊತೆ ಒಳಕ್ಕೂ ಇಳಿಯುತ್ತದೆ. ಇರಾಕಿನಲ್ಲಿ 1971ರ ಕೊನೆಗೆ ಬಿತ್ತನೆಗೆಂದು ಹಂಚಿದ ಗೋಧಿಗೆ ಪಾದರಸದ ಮದ್ದು, ಕೆಂಪು ಬಣ್ಣ ಹಚ್ಚಿದ್ದರು. ಚೀಲದ ಮೇಲಿನ ಎಚ್ಚರಿಕೆ ಅಲ್ಲಿನವರಿಗೆ ತಿಳಿಯದ ಭಾಷೆಯಲ್ಲಿತ್ತು. ಜನ ತೊಳೆದರು, ಬಣ್ಣ ಹೋಯಿತು, ವಿಷವೂ ಹೋಯಿತೆಂದುಕೊಂಡು ರೊಟ್ಟಿ ಮಾಡಿದರು. 6,530 ಜನ ಆಸ್ಪತ್ರೆ ಸೇರಿದರು, 459 ಜನ ಅಲ್ಲಿ ಸತ್ತರು. ನಮ್ಮ ಇಂದಿನ ಪುಡಿಗಳಲ್ಲಿ ಇರುವುದು ಪಾದರಸವಲ್ಲ, ಅಷ್ಟು ಭೀಕರವೂ ಅಲ್ಲ. ತೊಳೆದರೆ ಹೋಗುತ್ತದೆ ಎಂಬ ನಂಬಿಕೆ ಮಾತ್ರ ಎರಡೂ ಕಡೆ ಒಂದೇ.

ಹುಡುಗ ಕೇಳಿಸಿಕೊಂಡು ಕುಳಿತ. ಸ್ವಲ್ಪ ಹೊತ್ತಿಗೆ ಮತ್ತೆ ಕೈ ಎತ್ತಿದ. “ಹಂಗಾದ್ರ ಕೋಳಿಗೆ ಹಾಕಿದ್ರ ನಡೀತದೇನ್ರಿ ಸರ?”

ಈ ಸಲ ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಲಿಲ್ಲ. ಇರಾಕಿನಲ್ಲೂ ಕೆಲವರು ಮೊದಲು ಕೋಳಿಗೆ ಹಾಕಿ ನೋಡಿದ್ದರು, ಕೋಳಿ ಕೆಲವು ದಿನ ಚೆನ್ನಾಗಿಯೇ ಇದ್ದವು, ಅದನ್ನು ನಂಬಿ ಮನೆಯವರು ತಿಂದರು ಎಂದು ಹೇಳಿದರು. ಕೋಳಿಗೂ ಬೇಡ, ಆಡಿಗೂ ಬೇಡ. ಹೊಲದಲ್ಲಿ ಮೊಳೆಯದೆ ಖಾಲಿ ಬಿದ್ದ ಕಡೆ ಊರಲು ಬಳಸಬಹುದು. ಮಿಕ್ಕಿದ್ದನ್ನು ಅದೇ ಚೀಲದಲ್ಲಿ, ಅದೇ ಚೀಟಿಯೊಂದಿಗೆ ಕಟ್ಟಿ, ಅಡುಗೆಮನೆಯಿಂದ ದೂರ ಮಕ್ಕಳ ಕೈಗೆ ಸಿಗದಂತೆ ಇಡಬೇಕು, ಇಲ್ಲವೇ ಬಾವಿ ಹಳ್ಳಗಳಿಂದ ದೂರ ಆಳವಾಗಿ ಹೂಳಬೇಕು. ಹುಡುಗ ಅದಷ್ಟನ್ನೂ ಪಟ್ಟಿಯ ಹಿಂದಿನ ಪುಟದಲ್ಲಿ ಬರೆದುಕೊಂಡ. ಮನೆಯಲ್ಲಿ ಓದಿ ಹೇಳಬೇಕು, ಅವ್ವನಿಗೆ ಓದಲು ಬರುವುದಿಲ್ಲ ಎಂದ.